ತಲೆ ಸಿಗದ ಪ್ರಾಣಿಯೊಡನೆ ಜಗಳೂರಿಗೆ

ಜಗಳೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು, ದಾವಣಗೆರೆಯಲ್ಲಿ ಮಂಡಕ್ಕಿ, ಮಿರ್ಚಿ ತಿಂದು, ಚನ್ನಗಿರಿಯಲ್ಲಿ ಬಸ್ಸು ಬದಲಿಸಿ ನಲ್ಲೂರು ಮುಟ್ಟಿದಾಗ ಹನ್ನೊಂದು ಗಂಟೆ. ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಡೈನೋಸಾರ್ ಮಾದರಿ ಒಯ್ಯಬೇಕಿತ್ತು. ಗೋದಾವರಿ ಕಣಿವೆಯಲ್ಲಿ ಸಿಕ್ಕ ಮೂಳೆಗಳಿಂದ ಗೊತ್ತಾದ, ಉದ್ದ ಕತ್ತಿನ, ಸೊಪ್ಪು ತಿನ್ನುವ ಪ್ರಾಣಿ. ಅದರ ತಲೆ ಸಿಕ್ಕಿಲ್ಲ. "ಊಹಿಸಿ ಒಂದು ತಲೆ ಇಡಿ" ಎಂದು ಮಾದರಿ ಮಾಡುವವರಿಗೆ ಫೋನಿನಲ್ಲಿ ಹೇಳಿದ್ದವಳು ನಾನೇ.

ದೇವರ ಮೂರ್ತಿ ಮಾಡುವ ರುದ್ರಾಚಾರರ ಶೆಡ್ಡಿನಲ್ಲಿ ಅದು ನಿಂತಿತ್ತು. ಕಣ್ಣು ಬರೆಯುವುದು ಮಾತ್ರ ಬಾಕಿ.

"ಕಣ್ಣು ಬರೆಯೋವಾಗ ಎದುರಿಗೆ ಯಾರೂ ನಿಲ್ಲಂಗಿಲ್ಲ ಮೇಡಂ. ಮೊದ್ಲು ಕನ್ನಡೀನೇ ಕಾಣ್ಬೇಕು. ಮನುಷ್ಯರ್ನ ಕಂಡ್ರೆ ಅವರ್ನ ಬಿಡಲ್ಲ" ಎಂದರು.

"ಇದು ದೇವರಲ್ಲ, ಆಚಾರ್ರೇ."

"ದೇವ್ರ ಮುಖ ಹೆಂಗೈತೆ ಅಂತ ನಮ್ಮಪ್ಪ ಹೇಳ್ಕೊಟ್ಟಾರೆ. ಇದರ ಮುಖ ಯಾರು ಕಂಡಾರೆ? ಅದಕ್ಕೇ ಭಯ."

ನಗು ಬಂತು. ಆದರೂ ತಲೆ ತಗ್ಗಿಸಿ ಕನ್ನಡಿ ಎತ್ತಿ ಹಿಡಿದೆ. ದೇವರಿಗೆ ಎದೆಮಟ್ಟಕ್ಕೆ ಹಿಡಿದರೆ ಸಾಕು. ಈ ಕತ್ತಿಗೆ ಕೈ ಪೂರ್ತಿ ಚಾಚಬೇಕು. ಆಚಾರರು ಏಣಿ ಹತ್ತಿ, ಹಿಂದಿನಿಂದ ಕೈ ಬಳಸಿ, ಕನ್ನಡಿ ನೋಡುತ್ತಾ ಕಪ್ಪು ತುಂಬಿದರು. ಎರಡನೆಯ ಕಣ್ಣು ಮುಗಿಯುವಷ್ಟರಲ್ಲಿ ನನ್ನ ತೋಳು ಸೋತು ಕನ್ನಡಿ ಕೆಳಗಿಳಿಯಿತು. ತಲೆಯೆತ್ತಿದೆ. ಅದು ನನ್ನನ್ನೇ ನೋಡುತ್ತಿತ್ತು.

ಆಚಾರರು ಏಣಿ ಇಳಿದು, "ಜ್ವಾಕೆ, ಹೋಗ್ಬರ್ರಿ" ಎಂದಷ್ಟೇ ಹೇಳಿದರು.

ಟೆಂಪೋದಲ್ಲಿ ಹುಲ್ಲು ಹಾಸಿ ಮಲಗಿಸಿ, ತಲೆಗೆ ಪಂಚೆ ಸುತ್ತಿದೆವು. ಚನ್ನಗಿರಿಯಲ್ಲಿ ಚಹಾಕ್ಕೆ ಇಳಿದಾಗ ಅಜ್ಜಿಯೊಬ್ಬರು "ಯಾವ ದ್ಯಾವ್ರವ್ವಾ?" ಎಂದು ಕೈ ಮುಗಿದು, ಪಂಚೆ ಸರಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಪಂಚೆ ಮತ್ತೆ ಎಳೆದು ಮುಚ್ಚಿ ಹೊರಟುಹೋದರು.

ದಾವಣಗೆರೆ ದಾಟಿದ ಮೇಲೆ ರಣಬಿಸಿಲು. ಚಾಲಕ ಮೂರು ಸಲ ತನ್ನ ಮುಂದಿನ ಕನ್ನಡಿ ತಿರುಗಿಸಿದ. "ಪಂಚೆ ಹಾರೋಗೈತೆ ಮೇಡಂ" ಎಂದ. "ಹಿಂದಿನ ಗಾಜಿನಾಗೆ ಕಾಣ್ತೈತೆ. ನನ್ನ ನೋಡ್ತಿಲ್ಲ ಅದು. ನಿಮ್ಕಡೇನೇ."

ನನಗೆ ಹೆದರಿಕೆಯಾಯಿತು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವಳು ಜಗಳೂರು ಬರುವವರೆಗೂ ಹಿಂದೆ ತಿರುಗಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮರುದಿನ ಮಕ್ಕಳು ಬರುವ ಮೊದಲೇ ಶಾಲೆಗೆ ಹೋಗಿ, ಮೇಜು ಹತ್ತಿ, ಅದರ ಎರಡೂ ಕಣ್ಣಿಗೆ ಬೂದು ಬಣ್ಣ ಬಳಿದೆ. ಬಳಿಯುವಾಗ ಪಕ್ಕಕ್ಕೆ ಮುಖ ತಿರುಗಿಸಿಕೊಂಡಿದ್ದೆ.

"ಇದಕ್ಕೆ ಕಣ್ಣು ಯಾಕಿಲ್ಲ ಮಿಸ್?" ಏಳನೆಯ ತರಗತಿಯ ಹುಡುಗಿ ಕೇಳಿದಳು.

"ತಲೆಯ ಮೂಳೆ ಸಿಕ್ಕಿಲ್ಲವಲ್ಲ. ಯಾರೂ ಕಾಣದ್ದನ್ನು ನಾವು ಕಂಡವರ ಹಾಗೆ ಬರೆಯಬಾರದು" ಎಂದೆ.

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಣ್ಣ ಬಳಿದದ್ದು ಮಾತ್ರ ಅದಕ್ಕಲ್ಲ.