ಪುಟ್ಟತಾಯಮ್ಮನ ಪ್ಲೇಟ್ಲೆಟ್ ನಂಬಿಕೆ

ಪುಟ್ಟತಾಯಮ್ಮ ನಮ್ಮ ಪಕ್ಕದ ಮನೆಯವಳು. ಹುಣಸೂರು ಸುತ್ತಿನ ಎಲ್ಲ ಹೆಂಗಸರಂತೆ ಹೊಗೆಸೊಪ್ಪು ಕಟ್ಟಿಯೇ ಬದುಕಿದವಳು. ಎಲೆಯನ್ನು ಕಡ್ಡಿಗೆ ಕಟ್ಟಲು ಕೂತಳೆಂದರೆ ಕೈಯಷ್ಟೇ ಅಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಗಂಡ ಕರಿಯಪ್ಪ ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಿ ಹದ ನೋಡುವವನು. ಅವನ ಬಾಯಿಂದ ಮಾತು ಬೀಳುವುದೇ ಅಪರೂಪ. ಅವನ ಪಾಲಿನದನ್ನೂ ನೀನೇ ಆಡಿ ಮುಗಿಸುತ್ತೀಯ ಎಂದು ನಾವು ಅವಳನ್ನು ರೇಗಿಸುತ್ತಿದ್ದೆವು.

ಹೋದ ವರ್ಷದ ಮಳೆಗಾಲದಲ್ಲಿ ಮಗಳು ರೂಪಶ್ರೀಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿ ದಿನಾ ರಕ್ತ ತೆಗೆದು ಪ್ಲೇಟ್ಲೆಟ್ ಎಷ್ಟಿದೆ ಎಂದು ಹೇಳುತ್ತಿದ್ದರು. ಇಳಿದಾಗ ಪುಟ್ಟತಾಯಮ್ಮ ಅತ್ತಳು, ಏರಿದಾಗ ನಕ್ಕಳು. ಪರಂಗಿ ಎಲೆಯ ರಸ ಹಿಂಡಿ ಹಿಂಡಿ ಕುಡಿಸಿದಳು. ಹುಡುಗಿ ಹುಷಾರಾಗಿ ಮನೆಗೆ ಬಂದಳು. ಡಾಕ್ಟರು ಹಾಕಿದ ಡ್ರಿಪ್ಪಿನ ಹೆಸರು ಯಾರೂ ಎತ್ತಲಿಲ್ಲ, ಕೀರ್ತಿಯೆಲ್ಲ ಪರಂಗಿ ಎಲೆಗೇ ಹೋಯಿತು. ಆಮೇಲೆ ಊರಲ್ಲಿ ಯಾರಿಗೆ ಜ್ವರ ಬಂದರೂ ಅವಳ ಮನೆ ಬಾಗಿಲಿಗೇ ಬರತೊಡಗಿದರು. ಪ್ಲೇಟ್ಲೆಟ್ ಏರಿದರೆ ಮನುಷ್ಯ ಉಳಿದ ಹಾಗೆ ಎಂದು ಅವಳು ಧೈರ್ಯ ಹೇಳುತ್ತಿದ್ದಳು. ಸುಳ್ಳೇನೂ ಹೇಳುತ್ತಿರಲಿಲ್ಲ, ಅವಳು ಕಂಡದ್ದೇ ಅಷ್ಟು.

ಈ ವರ್ಷ ಸೊಪ್ಪು ಬೇಯಿಸುವ ಕಾಲದಲ್ಲಿ ಕರಿಯಪ್ಪ ಒಲೆಯ ಮುಂದೆಯೇ ಕುಸಿದ. ನನ್ನ ವ್ಯಾನಿನಲ್ಲೇ ಮೈಸೂರಿಗೆ ಸಾಗಿಸಿದೆವು. ಬಿಪಿ ಏರಿ ಮಿದುಳಿನೊಳಗೆ ರಕ್ತಸ್ರಾವ ಆಗಿದೆ ಎಂದರು. ಐಸಿಯುವಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೂರಿಸಿಕೊಂಡು ನಿಧಾನವಾಗಿ ವಿವರಿಸಿದಳು. ಒಳಗೆ ತುಂಬ ರಕ್ತ ಸೋರಿದೆ, ಅದರ ಮೇಲೆ ಪ್ಲೇಟ್ಲೆಟ್ ಕಡಿಮೆಯಿದೆ, ಇಂಥ ರೋಗಿಗಳಲ್ಲಿ ಅದು ಒಳ್ಳೆಯ ಸೂಚನೆಯಲ್ಲ ಎಂದಳು.

ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಪುಟ್ಟತಾಯಮ್ಮನ ಮುಖದಲ್ಲಿ ಜೀವ ಬಂದದ್ದು ಆಗ. ಸ್ಕ್ಯಾನು, ವೆಂಟಿಲೇಟರು ಒಂದೂ ಅವಳಿಗೆ ತಿಳಿದಿರಲಿಲ್ಲ. ಪ್ಲೇಟ್ಲೆಟ್ ಗೊತ್ತಿತ್ತು. ಮಾರನೆಯ ದಿನವೇ ಊರಿನಿಂದ ಬಾಟಲಿಯಲ್ಲಿ ಪರಂಗಿ ರಸ ತರಿಸಿದಳು. ಮೂಗಿನ ನಳಿಕೆಯಲ್ಲಿ ಅಂಥದ್ದೆಲ್ಲ ಬಿಡುವುದಿಲ್ಲ ಎಂದು ನರ್ಸು ತಡೆದಾಗ ಇಡೀ ವಾರ್ಡು ತಿರುಗಿ ನೋಡುವಂತೆ ಜಗಳ ಆಡಿದಳು. ನರ್ಸಿನ ಮಾತೇ ಸರಿಯಾಗಿತ್ತು. ಅವಳು ಆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸು ಬಂದಳು.

ಕರಿಯಪ್ಪನ ಅಣ್ಣ ಸೋಮಯ್ಯನ ಚಿಂತೆ ಬೇರೆ. ಮನೆಯಿಂದಾಚೆ ಸತ್ತವರನ್ನು ನಮ್ಮಲ್ಲಿ ಹೊಸಿಲು ದಾಟಿಸುವುದಿಲ್ಲ. ಅಂಗಳದಲ್ಲೇ ಮಲಗಿಸಿ, ಅಲ್ಲೇ ನೀರು ಹಾಕಿ, ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತೇವೆ. ಆದ್ದರಿಂದಲೇ ಆಸೆ ಇಲ್ಲ ಎಂದು ಡಾಕ್ಟರು ಅಂದರೆ ಸಾಕು, ಉಸಿರಿರುವಾಗಲೇ ಮನೆಗೆ ತಂದುಬಿಡುವುದು ವಾಡಿಕೆ. ಸೋಮಯ್ಯ ಕಲ್ಲೆದೆಯವನಲ್ಲ. ತಮ್ಮ ಪರದೇಶಿಯ ಹಾಗೆ ಅಂಗಳದಲ್ಲಿ ಬೀಳಬಾರದು ಎಂಬುದಷ್ಟೇ ಅವನ ಸಂಕಟ.

"ಉಸುರಿದ್ದಾಗ್ಲೇ ಕರ್ಕಂಡೋಗನ ಕಣವ್ವ," ಅಂದ. "ಅವ್ನು ಕಟ್ಟುದ್ ಮನೆ ಅದು."

ಅದೇ ದಿನ ಕರಿಯಪ್ಪನ ಪ್ಲೇಟ್ಲೆಟ್ ಏರಿತ್ತು. ಅದನ್ನು ಕೇಳಿದ್ದೇ ಪುಟ್ಟತಾಯಮ್ಮ ಊರಿಗೆಲ್ಲ ಫೋನು ಮಾಡಿಸಿದಳು. ಡಾಕ್ಟರು ಅವಳನ್ನು ಹುಡುಕಿಕೊಂಡು ಬಂದು, ಅಮ್ಮಾ ಇದು ಡೆಂಗಿಯಲ್ಲ, ಪ್ಲೇಟ್ಲೆಟ್ ಏರಿದರೆ ಮತ್ತೆ ಸೋರುವ ಭಯ ಸ್ವಲ್ಪ ಕಡಿಮೆ ಎನ್ನಬಹುದು, ಆದರೆ ಆಗಲೇ ಹಾಳಾದ ಮಿದುಳನ್ನು ಅದು ಸರಿಮಾಡುವುದಿಲ್ಲ ಎಂದಳು. ಹಾಗಾದರೆ ಉಳಿಯುವುದೇ ಇಲ್ಲವೇ ಎಂದು ಪುಟ್ಟತಾಯಮ್ಮ ನೇರವಾಗಿ ಕೇಳಿದಳು. ಇಲ್ಲವೇ ಇಲ್ಲ ಎಂದು ಹೇಳಲಾರೆ, ಆಸೆ ಬಹಳ ಕಡಿಮೆ ಎಂದಳು ಡಾಕ್ಟರು. ಪ್ರಾಮಾಣಿಕ ಹುಡುಗಿ. ಆ ಪ್ರಾಮಾಣಿಕತೆಯ ಮೇಲೂ ನನಗೆ ಆಗ ಸಿಟ್ಟು ಬಂತು.

ಆ ಕಡಿಮೆ ಆಸೆಯನ್ನೇ ಪುಟ್ಟತಾಯಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ನಳಿಕೆ ಕೀಳಿಸಿ ಮನೆಗೆ ಒಯ್ದರೆ ದಾರಿಯಲ್ಲೇ ನಾನೇ ಕೊಂದ ಹಾಗೆ ಎಂದಳು. ಸೋಮಯ್ಯ ಬೇಡಿಕೊಂಡ, ಬೈದ, ಕೊನೆಗೆ ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದ. ಅವಳು ಮಾತ್ರ ಜಗ್ಗಲಿಲ್ಲ.

ಕರಿಯಪ್ಪ ಕಣ್ಣು ತೆರೆಯಲೇ ಇಲ್ಲ. ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲೇ ಹೋಗಿಬಿಟ್ಟ.

ನಾವು ಹೆಣ ತಂದಾಗ ಊರು ಅಂಗಳದಲ್ಲಿ ಸೇರಿತ್ತು. ಚಾಪೆ ಹಾಸಿ, ನೀರು ಕಾಯಿಸಿ ಎಲ್ಲ ಸಿದ್ಧ ಮಾಡಿದ್ದರು. ಇಳಿಸಿ ಚಾಪೆಯ ಮೇಲೆ ಇಡಬೇಕು ಎನ್ನುವಷ್ಟರಲ್ಲಿ ಪುಟ್ಟತಾಯಮ್ಮ ಅಡ್ಡ ಬಂದು ನಿಂತಳು. ಒಳಗೆ ಒಯ್ಯಿರಿ ಎಂದಳು. ಹಿರಿಯರು ಗೊಣಗಿದರು, ಮನೆಗೆ ಒಳ್ಳೆಯದಲ್ಲ, ಮಕ್ಕಳಿರುವ ಮನೆ ಎಂದರು. ಅವಳು ಅವರ ಕಡೆ ನೋಡಲೂ ಇಲ್ಲ. ಸೋಮಯ್ಯನ ಮುಂದೆ ಹೋಗಿ ನಿಂತಳು.

"ಬಾವ, ಕರ್ಕಂಡೋಗನ ಅಂತ ನೀವ್ ಯೋಳುದ್ರಿ, ಬ್ಯಾಡ ಅಂದೋಳು ನಾನು. ತಪ್ಪು ನಂದು. ಆಚೆ ನಿಲ್ಸದಾದ್ರೆ ನನ್ ನಿಲ್ಸಿ. ಅವರ್ನ ಒಳಿಕ್ ಬುಡಿ."

ಸೋಮಯ್ಯ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು ತಮ್ಮನ ತಲೆಯ ಕಡೆ ಬಗ್ಗಿದ. ನಾನು ಕಾಲಿನ ಕಡೆ ಹಿಡಿದೆ. ಹೊಸಿಲು ದಾಟಿಸಿ ನಡುಮನೆಯಲ್ಲಿ ಮಲಗಿಸಿದೆವು. ಹೆಂಗಸರೆಲ್ಲ ಒಳಗೆ ನುಗ್ಗಿ ಅಳತೊಡಗಿದರು.

ಪುಟ್ಟತಾಯಮ್ಮ ಬರಲಿಲ್ಲ. ರೂಪಶ್ರೀ ಹೋಗಿ ಕೈ ಹಿಡಿದು ಎಳೆದಳು, ಸೋಮಯ್ಯನೇ ಬಾಗಿಲಿಗೆ ಬಂದು ಒಳಗೆ ಬಾರವ್ವ ಎಂದು ಕರೆದ. ಅವಳು ತಲೆ ಅಲ್ಲಾಡಿಸಿ ಅಂಗಳದ ಚಾಪೆಯ ಮೇಲೆ ಕೂತಳು. ಕರಿಯಪ್ಪನನ್ನು ಮಣ್ಣಿಗೆ ಎತ್ತುವ ತನಕ ಅಲ್ಲೇ ಕೂತಿದ್ದಳು.