ಐದು ಶೆಲ್ಲಿಗೆ ಒಂದು ಚಾರ್ಜರ್

ಬ್ಯಾಡಗಿಯಿಂದ ಆ ಹುಡುಗಿ ಫೋನ್ ಮಾಡಿದಾಗ ನಾನು ರೊಟ್ಟಿ ಬಡಿಯಾಕತ್ತಿದ್ದೆ. "ಅಕ್ಕಾರ, ನನ್ನ ಕುಬಸದ ಫೋಟೊ ನೀವ ತೆಗೀಬೇಕ್ರಿ," ಅಂದ್ಲು. ಬಸುರಿ ಮಗಳಿಗೆ ತವರಮನಿಯವರು ಹಸರ ಸೀರಿ, ಕುಬಸ ತಂದು ಉಡಿ ತುಂಬೋ ಕಾರ್ಯ ಅದು. ಪೂರಾ ಹೆಂಗಸರ ಕಾರ್ಯ. ಗಂಡಸು ಕ್ಯಾಮೆರಾ ಹಿಡಕೊಂಡು ನಡುವ ನಿಂತ್ರ ಹಾಡೋರು ಹಾಡೂದಿಲ್ಲ, ನಗೋರು ನಗೂದಿಲ್ಲ. ಹಂಗಾಗಿ ರಾಣೆಬೆನ್ನೂರಾಗ ಕುಂತ ನನಗ ಸುತ್ತಮುತ್ತಲ ಊರಿಂದೆಲ್ಲಾ ಕರೆ ಬರ್ತಾವು. ಮತ್ತ ನಾ ಛಲೋ ತೆಗೀತೇನಿ. ಇದ್ದದ್ದು ಹೇಳಾಕ ನಾಚಿಕಿ ಯಾಕ?

"ತೆಗೀತೇನವಾ, ಅದಕ್ಕೇನು," ಅಂದೆ. ಆಕಿ ಫೋನ್ ಇಡಲಿಲ್ಲ. ದನಿ ಸಣ್ಣದು ಮಾಡಿ ಹೇಳಿದ್ಲು: "ಉಳಿದ ಫೋಟೊ ಹೆಂಗರ ಬರ್ಲಿರಿ. ನಮ್ಮವ್ವ ನನ್ನ ಉಡಿ ತುಂಬೋದು ಒಂದು ಮಾತ್ರ ಬೇಕ್ರಿ ನನಗ."

ಆಕಿ ಅವ್ವಗ ಗಂಡ ಇಲ್ಲ. ಗಂಡ ಸತ್ತಾಕಿ ಉಡಿ ತುಂಬಬಾರದು ಅನ್ನೋದು ನಮ್ಮ ಮಂದಿ ರೂಢಿ. ಯಾ ಪುಣ್ಯಾತ್ಮ ಹಚ್ಚಿದನೊ, ಅವನ ಬಾಯಾಗ ಮಣ್ಣ ಹಾಕ. ಹುಡುಗಿ ಮದುವ್ಯಾಗೂ ಅವ್ವ ಮುಂದ ಬರಲಿಲ್ಲಂತ. ಅಷ್ಟು ದಪ್ಪ ಆಲ್ಬಮ್ ಐತಿ, ಒಂದು ಫೋಟೊದಾಗೂ ಆಕಿ ಇಲ್ಲ. "ಅಡಗಿಮನ್ಯಾಗ ಹುಡುಕಿದ್ರ ಸಿಗ್ತಿದ್ಲು ಅಕ್ಕಾರ. ಫೋಟೊದಾವ ಅಲ್ಲಿ ಯಾಕ ಬರ್ತಾನ್ರಿ?"

ಈಗ ಮಗಳು ಅತ್ತು ಕರದು ಅವ್ವನ್ನ ಒಪ್ಪಿಸಿದ್ಲು. ಪಡಸಾಲ್ಯಾಗಿನ ಕಾರ್ಯ ಮುಗದು ಮಂದಿ ಊಟಕ್ಕ ಕುಂತಾಗ, ಒಳಗಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ತುಂಬೋದು. ಅವ್ವ ಒಂದು ಮಾತು ಹಾಕಿದ್ಲಂತ: "ಒಮ್ಮೆ ತುಂಬ್ತೇನಿ. ಫೋಟೊ ಬರಲಿಲ್ಲ, ಮತ್ತೊಮ್ಮೆ ತುಂಬು ಅನ್ನಂಗಿಲ್ಲ." ಆ ಖೋಲಿಗೆ ಕಿಟಕಿ ಇಲ್ಲ. ಅಂದ್ರ ಎಲ್ಲಾ ಭಾರ ನನ್ನ ಫ್ಲ್ಯಾಶ್ ಮ್ಯಾಲ. ನಾ "ಚಿಂತಿ ಬಿಡು" ಅಂದು ಫೋನ್ ಇಟ್ಟೆ, ಇಟ್ಟ ಮ್ಯಾಲ ನೋಡಿದ್ರ ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಆಗಿತ್ತು.

ಚಿಂತಿ ನನಗ ಹತ್ತಿತ್ತು. ಅದಕ್ಕೂ ಹಿಂದಿನ ವಾರನ ಕಾಗಿನೆಲ್ಯಾಗ ಒಂದು ತೊಟ್ಟಿಲ ಕಾರ್ಯದಾಗ ಫ್ಲ್ಯಾಶ್ ನಡುವ ಕೈ ಕೊಟ್ಟಿತ್ತು. ಕ್ಯಾಮೆರಾದ ಬ್ಯಾಟರಿ ಕಲ್ಲಿನಂಗ ಗಟ್ಟಿ ಐತಿ, ಅದರ ಚಾರ್ಜರ್ ಅದರ ಜೋಡಿನ ಬಂದದ್ದು, ತಕರಾರಿಲ್ಲ. ಫ್ಲ್ಯಾಶಿಗೆ ಮಾತ್ರ ನಾಕು ಪೆನ್ಸಿಲ್ ಶೆಲ್ ಹಾಕಬೇಕು, ಚಾರ್ಜ್ ಮಾಡೋ ಅಂಥವು. ಒಂದು ಸಲ ಮಿಂಚಿದ ಮ್ಯಾಲ ಅದು ಕುಂಯ್ ಅಂತ ಮತ್ತ ತುಂಬಿಕೊಂಡು ಕೆಂಪು ದೀಪ ತೋರಸ್ತೈತಿ. ಅವತ್ತು ಕುಂಯ್ ಅಂದಿದ್ದ ಅಂದಿದ್ದು, ದೀಪ ಬರವಲ್ಲದು. ಕೂಸಿನ ಕಿವ್ಯಾಗ ಸೋದರತ್ತಿ ಹೆಸರು ಕೂಗಿ, ಹಿಂದಿದ್ದವರು ಆಕಿ ಬೆನ್ನಿಗೆ ಗುದ್ದಿ, ಎಲ್ಲಾರೂ ನಕ್ಕು, ಸಕ್ಕರಿ ಹಂಚಿದ್ರೂ ದೀಪ ಬರಲಿಲ್ಲ. ಬಾಗಲಾ ಕಿಟಕಿ ತೆಗಿಸಿ ಹೆಂಗೋ ಮರ್ಯಾದಿ ಉಳಿಸಿಕೊಂಡೆ. ಬ್ಯಾಡಗಿ ಖೋಲ್ಯಾಗ ಆ ಉಪಾಯ ನಡ್ಯೂದಿಲ್ಲ.

ನನ್ನ ಹತ್ರ ಇದ್ದ ಶೆಲ್ ಐದು. ನಾಕು ಹಾಕೋ ಫ್ಲ್ಯಾಶಿಗೆ ಐದು ಶೆಲ್ ಯಾಕ ಅಂತ ಯಾರಾರ ಕೇಳಿದ್ರ ನಮ್ಮತ್ತಿನ್ನ ತೋರಸ್ತೇನಿ.

ನಾ ಮೊದಲ ಸಲ ಫ್ಲ್ಯಾಶ್ ತಗೊಂಡು ಮನಿಗೆ ಬಂದ ದಿನ ನಮ್ಮತ್ತಿ ತಾವ ಪ್ಯಾಟಿಗೆ ಹೋಗಿ, ನಾಕರದೊಂದು ಎರಡರದೊಂದು ಪ್ಯಾಕ್ ತಂದು, ಆರನೇದನ್ನ ಗ್ವಾಡಿ ಗಡಿಯಾರಕ್ಕ ಹಾಕಿ ಐದು ಉಳಿಸಿಕೊಂಡ್ರು. "ಸೆರಗು ಒಡ್ಡು," ಅಂದ್ರು. ಉಡಿ ತುಂಬೋವಾಗ ಎಲ್ಲಾನೂ ಐದೈದು ಹಾಕ್ತಾರಲ್ಲ, ಐದು ಉತ್ತತ್ತಿ, ಐದು ಅಡಕಿ, ಐದು ಅರಿಷಿಣ ಕೊಂಬು, ಹಂಗ ಐದೂ ಶೆಲ್ ನನ್ನ ಸೆರಗಿಗೆ ಹಾಕಿದ್ರು. ಅವರಿಗೂ ಗಂಡ ಇಲ್ಲ, ನಮ್ಮ ಮಾವ ತೀರಿಕೊಂಡು ಭಾಳ ವರ್ಷ ಆತು. ನಾ ಮುಖಾ ನೋಡಿದ್ದಕ್ಕ ಬೈದ್ರು: "ಅಕ್ಕಿ ಕೊಬ್ಬರಿ ಹಾಕಿದ್ರ ಮಂದಿ ಬಾಯಿ ಮಾಡ್ತಾರ. ಶೆಲ್ ಹಾಕಬಾರದು ಅಂತ ಯಾ ಶಾಸ್ತ್ರದಾಗ ಬರದಾರ, ತಂದು ತೋರಸ್ಲಿ!" ನನಗ ನಗು ಬಂತು, ನಗ್ತಾ ನಗ್ತಾ ಕಣ್ಣೀರೂ ಬಂತು. ಆ ಐದರಾಗ ಒಂದನ್ನ ಹೊರಗಿಡಾಕ ನನ್ನ ಕೈಲೆ ಆಗ್ತಿರಲಿಲ್ಲ, ಸರದಿ ಮ್ಯಾಲ ಐದನ್ನೂ ಫ್ಲ್ಯಾಶಿಗೆ ಹಾಕ್ತಿದ್ದೆ.

ಎಡವಟ್ಟಾಗಿದ್ದು ಚಾರ್ಜರಿನ್ಯಾಗ. ಹಳೇ ಚಾರ್ಜರಿಗೆ ಶೆಲ್ ಕೂಡಸೋ ಮನಿ ನಾಕು, ದೀಪ ಮಾತ್ರ ಎರಡು. ಎರಡೆರಡು ಶೆಲ್ ಜೋಡಿ ಮಾಡಿ ಹಾಕಿದ್ರನ ದೀಪ ಹತ್ತೋದು. ಒಂಟಿ ಶೆಲ್ ಹಾಕಿದ್ರ ಅದರ ಕಡೆ ತಿರುಗೀನೂ ನೋಡ್ತಿರಲಿಲ್ಲ. ಮೊದಲ ನಾಕು ತುಂಬಿಸಿ ತೆಗದ ಮ್ಯಾಲ ಐದನೇದಕ್ಕ ಜೋಡಿ ಬೇಕಲ್ಲ? ಅದಕ್ಕ, ತುಂಬಿದ ನಾಕರಾಗಿಂದ ಒಂದನ್ನ ತಗೊಂಡು ಮತ್ತ ಅದರ ಬಾಜೂ ಹಾಕ್ತಿದ್ದೆ. ಗೊಂದಲ ಆಗಬಾರದು ಅಂತ ಯಾವಾಗಲೂ ಅದ ಒಂದ ಶೆಲ್ ಹಾಕ್ತಿದ್ದೆ, ಗುರುತಿಗೆ ಉಗುರಿನ ಬಣ್ಣದ ಕೆಂಪು ಚುಕ್ಕಿ ಇಟ್ಟಿದ್ದೆ. ಹೊಟ್ಟಿ ತುಂಬಿದ ಬೀಗತಿಗೆ ಒತ್ತಾಯ ಮಾಡಿ ಮತ್ತೆರಡು ಹೋಳಿಗಿ ಬಡಿಸಿದಂಗ ಆತಿದು. ಪ್ರತಿ ಸಲಾನೂ ಅದು ಮುಟ್ಟಿದ್ರ ಸುಡ್ತಿತ್ತು. ನಾನೂ, ಪಾಪ ಇದು ಭಾಳ ಶಕ್ತಿವಂತ ಶೆಲ್ ಅಂತ ತಿಳಕೊಂಡಿದ್ದೆ!

ಬ್ಯಾಡಗಿ ಫೋನ್ ಬಂದ ದಿನ ಕುಂತು ವಿಚಾರ ಮಾಡಿದಾಗ ಇದು ಹೊಳೀತು. ಸಂಜಿ ಮುಂದ ನಮ್ಮ ಮನಿಯವರು ಬೀಜದ ಅಂಗಡಿಯಿಂದ ಬಂದ ಕೂಡಲೇ ಹೇಳಿದೆ: "ನನಗ ಬ್ಯಾರೆ ಚಾರ್ಜರ್ ಬೇಕ್ರಿ."

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ," ಅಂದ್ರು.

ನನಗ ಸಿಟ್ಟು ನೆತ್ತಿಗೇರಿತು. "ನಿಮ್ಮ ಅಂಗಡ್ಯಾಗ ಹೋದ ವರ್ಷದ ಬೀಜ, ಈ ವರ್ಷದ ಬೀಜ ಒಂದ ಚೀಲದಾಗ ಕೂಡಿಸಿ ಮಾರ್ತೀರೇನು?"

"ಹುಚ್ಚಿ, ಹಂಗ್ಯಾಕ ಮಾಡ್ಲಿ? ಒಂದು ಮೊಳಕಿ ಬಂದ್ರ ಒಂದು ಬರೂದಿಲ್ಲ."

"ಹಾಂ, ಅದನ್ನ ನಾ ಹೇಳಾಕತ್ತೇನಿ. ಫ್ಲ್ಯಾಶಿನ್ಯಾಗ ಒಂದು ಶೆಲ್ ತುಂಬೈತಿ, ಒಂದು ಅರ್ಧ ಐತಿ, ಒಂದು ಸುಟ್ಟೈತಿ. ನಾಕೂ ಕೂಡಿ ಎಳೀಬೇಕಂದ್ರ ಒಂದು ಸೋತದ್ದು ಉಳಿದ ಮೂರನ್ನೂ ಸೋಲಸ್ತೈತಿ."

ಈ ಮಾತು ಅವರಿಗೆ ತಿಳೀತು, ಆದ್ರ ಸೋಲಾಕ ತಯಾರಿಲ್ಲ. "ಹಂಗಿದ್ರ ಐದನೇದನ್ನ ತೆಗದು ಒಗಿ. ಮತ್ತ ಚಾರ್ಜರ್ ತರೋದಿದ್ರ ಲಗೂ ತುಂಬಸೋದು ತಾ. ಜೋರ್ ಇದ್ದಷ್ಟೂ ಛಲೋ." ಒಳಗಿಂದ ನಮ್ಮತ್ತಿ ಕೆಮ್ಮಿದ್ರು. ಮಗಾ ಕೈಕಾಲ ತೊಳಿಯಾಕ ಹಿತ್ತಲಕ್ಕ ಹೋದ್ರು.

ಮರುದಿನ ಹಾವೇರಿಗೆ ಹೋದೆ. ಕ್ಯಾಮೆರಾ ಸಾಮಾನಿನ ಅಂಗಡಿಯಣ್ಣ ನನ್ನ ಗುರುತಿನವರು. ಮಾತು ಜಾಸ್ತಿ, ಸಾಮಾನು ಖರೇ. ನೋಡಿದ ಕೂಡಲೇ ಥಳಥಳ ಹೊಳಿಯೋ ಒಂದು ಚಾರ್ಜರ್ ಇಟ್ಟು, "ಅಕ್ಕಾರ, ಇದರಾಗ ಶೆಲ್ ಹಾಕಿ ಚಾ ಕುಡದು ಬರೋದ್ರಾಗ ತುಂಬಿರ್ತಾವ. ಒಳಗ ಫ್ಯಾನ್ ಸಹಿತ ಐತಿ," ಅಂದ್ರು. ನಾ ಬ್ಯಾಗಿನಿಂದ ಒಂದ ಒಂದು ಶೆಲ್ ತೆಗದು ಅದರಾಗ ಹಾಕಿದೆ. ಫ್ಯಾನ್ ಗುಂಯ್ ಅಂತು, ದೀಪ ಹತ್ತಲಿಲ್ಲ.

"ಒಂದು ಹಾಕಿದ್ರ ಹೆಂಗ್ರಿ? ಜೋಡಿ ಹಾಕ್ರಿ."

"ಜೋಡಿ ಬೇಡೋದು ನಮ್ಮ ಮನ್ಯಾಗ ಒಂದೈತಿ. ಇದನ್ನ ಒಳಗ ಇಡ್ರಿ."

ಎರಡನೇದು ಬಂತು. ಒಂಟಿ ಶೆಲ್ಲಿಗೆ ದೀಪ ಹತ್ತಿತು, ಖುಷಿ ಆತು. ಆದ್ರ ಡಬ್ಬಿ ಮ್ಯಾಲ ಬರದದ್ದು ಓದಿದ್ರ, ಅದು ಶೆಲ್ ತುಂಬಿದ್ದು ನೋಡಿ ನಿಲ್ಲೂದಿಲ್ಲ, ಇಷ್ಟು ತಾಸು ಅಂತ ಗಂಟಿ ನೋಡಿ ನಿಲ್ಲೋದು. ಅರ್ಧ ತುಂಬಿದ್ದಕ್ಕೂ ಅಷ್ಟ ಹೊತ್ತು, ಖಾಲಿ ಇದ್ದದ್ದಕ್ಕೂ ಅಷ್ಟ ಹೊತ್ತು. ಮತ್ತ ಅದ ಹೋಳಿಗಿ ಕತಿ. ಅದನ್ನೂ ಸರಿಸಿದೆ. ಅಣ್ಣಾರು ಬೇಜಾರಾಗಿ, "ಏನ್ರಿ ಅಕ್ಕಾರ, ಸೀರಿ ಆರಿಸಿದಂಗ ಆರಸಾಕತ್ತೀರಲ್ಲ!" ಅಂದ್ರು.

"ಸೀರಿ ಅಂಗಡಿ ಆಗಿದ್ರ ಇಷ್ಟೊತ್ತಿಗೆ ಎರಡು ಸಲ ಚಾ ತರಸ್ತಿದ್ರು, ಅಣ್ಣಾರ."

ಅವರಿಗೂ ನಗು ತಡಿಯಾಕ ಆಗಲಿಲ್ಲ. ಚಾ ಬಂತು. ಚಾ ಜೋಡಿ ಮ್ಯಾಲಿನ ಕಪಾಟಿನಿಂದ ಧೂಳು ಹತ್ತಿದ ಒಂದು ಕರೀ ಚಾರ್ಜರೂ ಬಂತು. ನೋಡಾಕ ಏನೂ ಚಂದಿಲ್ಲ. ನಾಕು ಮನಿ, ನಾಕು ದೀಪ. ಒಂದು ಹಾಕಿದೆ, ಒಂದು ದೀಪ ಹತ್ತಿತು. ಐದೂ ಶೆಲ್ ತಂದಿದ್ದೆ, ಒಂದೊಂದ ಹಾಕಿ ತೆಗದು ನೋಡಿದೆ. ಪ್ರತಿಯೊಂದನ್ನೂ ಬ್ಯಾರೆ ಬ್ಯಾರೆ ಮಾತಾಡಿಸ್ತಿತ್ತು, ತುಂಬಿದ್ದಕ್ಕ ತುಂಬಿದ ಕೂಡಲೇ ಸಾಕು ಅಂತಿತ್ತು. ಕೆಂಪು ಚುಕ್ಕಿದು ಹಾಕಿದಾಗ ಮಾತ್ರ ದೀಪ ಪಕಪಕ ಮಿಣುಕಿತು. "ಅದು ಕೆಟ್ಟೈತಿ ಅಂತ ಅರ್ಥ್ರಿ," ಅಂದ್ರು ಅಣ್ಣಾರು.

ಅಂದ್ರ ನಮ್ಮ ಮನಿಯವರ ಮಾತು ಕೇಳಿ ಐದನೇದನ್ನ ಒಗದಿದ್ರ, ಸುಟ್ಟದ್ದನ್ನ ಇಟಗೊಂಡು ಗಟ್ಟಿ ಇದ್ದದ್ದನ್ನ ಕಳಕೊಳ್ತಿದ್ದೆ! ಒಳ್ಳೇವು ನಾಕು ಉಳದಿದ್ದು ನಮ್ಮತ್ತಿ ಐದು ಕೊಟ್ಟದ್ದಕ್ಕ. ಅಂಗಡ್ಯಾಗ ನಾ ಒಬ್ಬಾಕಿನ ಜೋರಾಗಿ ನಕ್ಕೆ. "ಇದು ಭಾಳ ನಿಧಾನ ತುಂಬತೈತ್ರಿ, ಆಮ್ಯಾಲ ನನಗ ಬೈಬ್ಯಾಡ್ರಿ," ಅಂತ ಅಣ್ಣಾರು ಎಚ್ಚರಿಕಿ ಕೊಟ್ರು. ತಾಳಿದಾವ ಬಾಳ್ಯಾನು ಅಂದು ಚೀಲಕ್ಕ ಹಾಕ್ಕೊಂಡೆ. ನಿಧಾನ ತುಂಬಿದ್ದು ಸುಡೂದಿಲ್ಲ, ಸುಡಲಾರದ್ದು ಬಾಳಿಕಿ ಬರತೈತಿ.

ಮನಿಗೆ ಬಂದು ನಾಕನ್ನೂ ತುಂಬಿಸಿದೆ. ಒಂದೊಂದು ದೀಪ ಒಂದೊಂದು ಹೊತ್ತಿಗೆ ಹಸರಾತು. ಯಾವುದನ್ನ ಎಷ್ಟು ಉಪಾಸ ಕೆಡವಿದ್ದೆ ಅಂತ ಅವಾಗ ಕಣ್ಣಿಗೆ ಕಂಡಿತು. ಮರುದಿನ ಮುಂಜಾನೆ ಫ್ಲ್ಯಾಶಿಗೆ ಹಾಕಿ ಅಂಗಳದಾಗ ನಿಂತು ಬೇಕಂತಲೇ ಬಿಡದಂಗ ಮಿಂಚಿಸಿದೆ. ಕೆಂಪು ದೀಪ ಪಟಪಟ ಬಂತು. ನಮ್ಮ ಮನಿಯವರು ಅಂಗಡಿಗೆ ಹೋಗೋವ್ರು ನಿಂತು ನೋಡಿ, ಏನೂ ಅನ್ನದ ಚಪ್ಪಲಿ ಮೆಟ್ಟಿದ್ರು. ಅವರ ಬಾಯಿಂದ ಏನೂ ಬರಲಿಲ್ಲಂದ್ರ ಒಪ್ಪಿದ್ರು ಅಂತ ಅರ್ಥ.

ಕುಬಸದ ದಿನ ನಾನೂ ನಮ್ಮತ್ತೀನೂ ಬ್ಯಾಡಗಿಗೆ ಹೋದ್ವಿ. ಬ್ಯಾಗ್ ಹಿಡಿಯಾಕ ಅವರು ಯಾವಾಗಲೂ ನನ್ನ ಜೋಡಿ ಬರ್ತಾರ. ಹುಡುಗಿಯ ಗಂಡನ ಮನಿ ಮೆಣಸಿನಕಾಯಿ ವ್ಯಾಪಾರದ್ದು, ಅದರಾಗ ಸುಗ್ಗಿ ಬ್ಯಾರೆ. ಆರತಿ ಎತ್ತೋರೂ ಸೀನ್ತಾರ, ಹಾಡೋರೂ ಸೀನ್ತಾರ. ಎರಡು ಸೀನಿನ ನಡುವ ಸಂದಿ ನೋಡಿ ಒತ್ತೋದ ಅಲ್ಲಿ ಕೆಲಸ. ಹುಡುಗಿ ಹಸರ ಸೀರಿ ಉಟ್ಟು, ಕೈತುಂಬ ಬಳಿ ಹಾಕ್ಕೊಂಡು ಪಡಸಾಲ್ಯಾಗ ಮಣಿ ಮ್ಯಾಲ ಕುಂತಿದ್ಲು. ಐದು ಮಂದಿ ಮುತ್ತೈದೇರು ಉಡಿ ತುಂಬಿದ್ರು. ಆಕಿ ಕಣ್ಣು ಮಾತ್ರ ಅಡಗಿಮನಿ ಬಾಗಲದಾಗ.

ಮಂದಿ ಪಡಸಾಲ್ಯಾಗ ಸಾಲಾಗಿ ಊಟಕ್ಕ ಕುಂತ್ರು. ನಾವು ನಾಕು ಮಂದಿ ಒಳಗಿನ ಖೋಲಿಗೆ ಹೋದ್ವಿ: ಹುಡುಗಿ, ಆಕಿ ಅವ್ವ, ನಾನು, ನಮ್ಮತ್ತಿ. ನಮ್ಮತ್ತಿ ಬಾಗಲಾ ಹಾಕಿ ಅದಕ್ಕ ಬೆನ್ನು ಕೊಟ್ಟು ನಿಂತ್ರು. ಅಷ್ಟರಾಗ ಕರೆಂಟ್ ಹೋತು. ಹೋಗೋದ ಅದು, ಅದಕ್ಕೇನೂ ಹೊಸಾದಲ್ಲ. ಮೊಬೈಲ್ ಬೆಳಕಿನ್ಯಾಗ ಅವ್ವ ಅಕ್ಕಿ, ಕೊಬ್ಬರಿ ಬಟ್ಟಲಾ ಇದ್ದ ಮೊರ ತಗೊಂಡ್ಲು. ಮಗಳ ಉಡಿ ತನಕ ಹೋದ ಕೈ ನಿಂತುಬಿಡ್ತು.

"ಬ್ಯಾಡ ಬಿಡವಾ. ನಿನಗೂ ಕೂಸಿಗೂ ಏನರ ಆದ್ರ?" ಅಂದ್ಲು.

"ನೀ ಹಡದಾಕಿ. ನಿನ್ನ ಕೈಲಿಂದ ಏನಾಗತೈತಿ?" ಅಂದ್ಲು ಮಗಳು.

ಅವ್ವ ಕಣ್ಣ ಮುಚ್ಚಿ ಹಾಕಿಬಿಟ್ಲು. ನಾ ಒತ್ತಿದೆ. ಖೋಲಿ ತುಂಬ ಬೆಳಕಾತು. ಅಕ್ಕಿ ಬೀಳಾಕತ್ತಾಗ ಇನ್ನೊಂದು, ಮಗಳು ಅವ್ವನ ಕೈ ಹಿಡಕೊಂಡಾಗ ಇನ್ನೊಂದು. ಒಂದೂ ತಪ್ಪಲಿಲ್ಲ.

ಕ್ಯಾಮೆರಾದ ಹಿಂದಿನ ಪರದಿ ಮ್ಯಾಲ ತೋರಿಸಿದೆ. ಮಗಳು ನೋಡಿ ಅಳಾಕ ಹತ್ತಿದ್ಲು. ಅವ್ವ ಅಳಲಿಲ್ಲ. ಪರದಿ ಹತ್ರ ಮುಖಾ ತಂದು ಭಾಳ ಹೊತ್ತು ನೋಡಿದ್ಲು. ಮಗಳನ್ನ ಅಲ್ಲ, ತನ್ನನ್ನ.

"ಇದರಾಗ ನಾ ಕಣ್ಣ ಮುಚ್ಚೇನಿ," ಅಂದ್ಲು. "ಕಳ್ಳಿ ಹಂಗ ಕಾಣ್ತೇನಿ. ನನ್ನ ಮಗಳಿಗೆ ಉಡಿ ತುಂಬೋದು ಏನು ಕಳವಾ?"

ಅವ್ವ ಸೆರಗು ಸರಿ ಮಾಡಿಕೊಂಡ್ಲು. ಮೊರ ಎತ್ತಿಕೊಂಡ್ಲು, ಅದರಾಗ ಅಕ್ಕಿ ಇನ್ನೂ ಇದ್ದವು. ನಮ್ಮತ್ತಿ ಕಡೆ ನೋಡಿ, "ಬಾಗಲಾ ತೆಗೀರಿ, ಅಕ್ಕಾರ," ಅಂದ್ಲು. ನಮ್ಮತ್ತಿ ಎರಡನೇ ಮಾತಿಲ್ಲದ ತೆಗದ್ರು.

ಪಡಸಾಲ್ಯಾಗ ಹೆಂಗಸರು ಉಣ್ಣೋದು ಬಿಟ್ಟು ತಲಿ ಎತ್ತಿದ್ರು. ಆ ಮನಿ ಹಿರೇಕಿ, ಹುಡುಗಿಯ ಗಂಡನ ಅಜ್ಜಿ, ಹೋಳಿಗಿ ಮುರದ ಕೈ ಹಂಗ ಹಿಡಕೊಂಡು ನೋಡಿದ್ಲು. ಅವ್ವ ಯಾರ ಮುಖಾನೂ ನೋಡಲಿಲ್ಲ. ಮಗಳನ್ನ ಕರಕೊಂಡು ಬಂದು ಅದ ಮಣಿ ಮ್ಯಾಲ ಕೂಡಿಸಿದ್ಲು, ತಾ ಎದುರಿಗೆ ಕುಂತು ಎರಡೂ ಕೈಲಿಂದ ಅಕ್ಕಿ ತಗೊಂಡ್ಲು. ಆಮ್ಯಾಲ ಕ್ಯಾಮೆರಾದ ಕಡೆ ಮುಖಾ ಎತ್ತಿ, ಕಣ್ಣ ಪೂರಾ ತೆಗದು, ನನ್ನ ಕೇಳಿದ್ಲು:

"ಈಗ ಕಾಣ್ತೇನೇನ್ರಿ?"

"ಕಾಣ್ತೀರಿ," ಅಂದು ಒತ್ತಿದೆ.