ಲಲಿತಮ್ಮನ ಅಪ್ಪ ಬರೆಯದ ಸಾಲು

ಕಳೆದ ಭಾನುವಾರ ನಾನೊಂದು ಸುಳ್ಳು ಓದಿದೆ. (ಬರೆದದ್ದಲ್ಲ, ಓದಿದ್ದು. ಈ ಕಾಲಂನಲ್ಲಿ ಬರೆಯುವುದು ವಾರವಾರ ಇದ್ದದ್ದೇ ಎಂದು ನೀವು ನಗಬಹುದು, ನಗಿ.)

ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಗಿ ಬಂದ ಮೇಲೆ, ಕನ್ನಡ ಓದಬಲ್ಲೆ ಎಂಬುದೇ ನನಗೊಂದು ಕ್ವಾಲಿಫಿಕೇಶನ್ ಆಗಿಬಿಟ್ಟಿದೆ. ನಮ್ಮ ಬ್ರಾಂಚಿನ ಪ್ರಸಾದ್ ಅದನ್ನು ನಂಬಿಯೇ ಮನೆಗೆ ಕರೆದದ್ದು. ಋಷಿಕೊಂಡದ ಬೀಚಿಗೆ ಹೋಗೋಣ ಎಂದು ಹೆಂಡತಿಗೆ ಕೊಟ್ಟಿದ್ದ ಮಾತು ಹಾಗೆಯೇ ಉಳಿಯಿತು.

ಪ್ರಸಾದನ ತಾಯಿ ಲಲಿತಮ್ಮ ಮೈಸೂರಿನವರು, ತೆಲುಗರ ಮನೆಗೆ ಸೊಸೆಯಾಗಿ ಬಂದವರು. ಅವರ ತಂದೆ ಪತ್ರಕರ್ತರು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಎರಡು ವರ್ಷ ಯೂರೋಪು ಸುತ್ತಿದವರು. ಆಗ ಬರೆದ ನೋಟ್‌ಬುಕ್ಕುಗಳನ್ನು ಲಲಿತಮ್ಮನ ಅಣ್ಣ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದರಂತೆ. ಅಣ್ಣ ತೀರಿಕೊಂಡ ಮೇಲೆ ಅವು ಪಾರ್ಸೆಲ್ಲಾಗಿ ಇಲ್ಲಿಗೆ ಬಂದಿವೆ. ಅಷ್ಟರಲ್ಲಿ ಲಲಿತಮ್ಮನ ಕಣ್ಣಿಗೆ ಪೊರೆ ಬಂದಿದೆ. ಮಗನಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ.

"ನಾನು ಹುಟ್ಟಿದಾಗ ಅಪ್ಪ ಜರ್ಮನಿಯಲ್ಲಿದ್ರು ಬಾಬು," ಎಂದರು ಲಲಿತಮ್ಮ. "ಮನೆಯಿಂದ ಅವರಿಗೆ ಟೆಲಿಗ್ರಾಮ್ ಕಳಿಸಿದ್ರಂತೆ. ನನ್ನ ಬಗ್ಗೆ ಏನು ಬರ್ಕೊಂಡಿದಾರೋ, ಅದೊಂದು ಕೇಳ್ಬೇಕು."

ಓದಲು ಕೂತೆ. ಬ್ರೆಡ್ಡಿಗೆ ಕ್ಯೂ ನಿಂತ ಜನ. ಆ ಕ್ಯೂನಲ್ಲಿ ಟೈ ಕಟ್ಟಿದ ಮೇಷ್ಟರೊಬ್ಬರು, ಬೂಟಿಗೆ ಲೇಸಿನ ಬದಲು ಗೋಣಿದಾರ. ಮುಚ್ಚಿದ ಕಾರ್ಖಾನೆಯ ಗೇಟಿನ ಮುಂದೆ ಇಸ್ಪೀಟಾಡುವ ಕೆಲಸಗಾರರು. ಓದುತ್ತ ಹೋದೆ. ಮಗಳು ಹುಟ್ಟಿದ ತಿಂಗಳು ಬಂತು, ಹೋಯಿತು. ಟೆಲಿಗ್ರಾಮಿನ ಸುದ್ದಿಯೇ ಇಲ್ಲ.

ಲಲಿತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕಾಯುತ್ತಿದ್ದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕಾಲಂ ಬರೆಯುವವನು. ಖಾಲಿ ಜಾಗ ಕಂಡರೆ ತುಂಬಿಸದೆ ಇರಲಾರೆ. "ಇಲ್ಲಿ ಹಿಮ ಬೀಳುತ್ತಿದೆ. ದೂರದ ಊರಿನಲ್ಲಿ ನನ್ನ ಕಂದ ತೊಟ್ಟಿಲಲ್ಲಿ ನಗುತ್ತಿರಬೇಕು," ಎಂದು ಪುಟ ನೋಡುತ್ತಲೇ ಓದಿಬಿಟ್ಟೆ.

ಪ್ರಸಾದನ ಮುಖ ಅರಳಿತು. ತಾಯಿಯದು ಅರಳಲಿಲ್ಲ.

"ಇದು ನಮ್ಮಪ್ಪಂದಲ್ಲ," ಎಂದರು, ಸಮಾಧಾನವಾಗಿಯೇ. "ಚಿಕ್ಕೋಳಿದ್ದಾಗ ನಾನು ಏನು ಹೇಳಕ್ಕೆ ಹೋದ್ರೂ, ನೀನು ನೋಡಿದ್ಯಾ ಅಂತ ಕೇಳೋರು. ನೋಡಿಲ್ಲ ಅಂದ್ರೆ ಮುಂದಕ್ಕೆ ಕೇಳಿಸ್ಕೊಳ್ತಾನೇ ಇರ್ಲಿಲ್ಲ. ಅಂಥೋರು ಮಗು ನಗ್ತಿರಬೇಕು ಅಂತ ಬರೀತಾರಾ? ಇದ್ದದ್ದನ್ನ ಓದಿ ಬಾಬು, ಪರವಾಗಿಲ್ಲ."

ನನಗೆ ನಾಚಿಕೆಯಾಯಿತು. ತಪ್ಪಾಯಿತಮ್ಮ ಎಂದೆ. (ಪ್ರಸಾದ್ ಕಾಫಿಯ ನೆಪ ಮಾಡಿಕೊಂಡು ಒಳಗೆ ಹೋದ.) ಆಮೇಲೆ ಇದ್ದದ್ದನ್ನಷ್ಟೇ ಓದಿದೆ. ಹಡಗು, ಬೊಂಬಾಯಿ, ರೈಲು. ಕೊನೆಯ ಪುಟದ ಹೊತ್ತಿಗೆ ಮೈಸೂರಿನ ಮನೆ ಬಂತು.

"ಬಾಗಿಲಲ್ಲಿ ಮಗು ನಿಂತಿತ್ತು. ಬಲಗೆನ್ನೆಗೆ ಅನ್ನ ಮೆತ್ತಿತ್ತು. ನನ್ನನ್ನು ಕಂಡು ಜೋರಾಗಿ ಅತ್ತಿತು."

ಅಷ್ಟೇ. ಮುಂದೆ ಬರಹವಿಲ್ಲ.

ಲಲಿತಮ್ಮ ತಮ್ಮ ಬಲಗೆನ್ನೆ ಮುಟ್ಟಿಕೊಂಡರು. "ಇನ್ನೊಂದ್ಸಲ ಓದಿ," ಎಂದರು. ಓದಿದೆ. ಮತ್ತೆ ಕೇಳಿದರು, ಮತ್ತೆ ಓದಿದೆ.

ನಾನು ಹೆಣೆದ ಸಾಲೇ ಹೆಚ್ಚು ಸೊಗಸಾಗಿತ್ತು ಎಂದು ನನಗೀಗಲೂ ಅನ್ನಿಸುತ್ತದೆ, ಆದರೆ ಅದನ್ನು ಇನ್ನೊಂದು ಸಲ ಓದಿ ಎಂದು ಯಾರು ಕೇಳಿದರು?